ಮೂವತ್ತನಾಲ್ಕನೆಯ ನಂಬರಿನ ರಕ್ತ

ಐದನೆಯ ತರಗತಿಯಲ್ಲಿ ಅವಳಿಗೆ ‘ಯಾಕಮ್ಮ’ ಎಂಬ ಅಡ್ಡಹೆಸರು ಬಿದ್ದದ್ದು ನನ್ನ ಪಾಠದ ನಡುವೆಯೇ. ಅಂದು ದಡಾರದ ವಿಷಯ ಹೇಳುತ್ತಿದ್ದೆ. ಅದು ಒಮ್ಮೆ ಬಂದು ಹೋದವರಿಗೆ ಮತ್ತೆ ಬರುವುದಿಲ್ಲ, ಮೈ ಅದನ್ನು ನೆನಪಿಟ್ಟುಕೊಂಡಿರುತ್ತದೆ ಎಂದೆ. ಮೂರನೆಯ ಬೆಂಚಿನಿಂದ ಒಂದು ಸಣ್ಣ ಕೈ ಮೇಲೆದ್ದಿತು.

“ಹಾಗಾದ್ರೆ ನೆಗಡಿ ಯಾಕೆ ಮತ್ತೆ ಮತ್ತೆ ಬರುತ್ತೆ, ಮೇಷ್ಟ್ರೇ? ಅದನ್ನ ಮೈ ಯಾಕೆ ನೆನಪಿಟ್ಕೊಳ್ಳಲ್ಲ?”

ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಧೈರ್ಯ ಆ ವಯಸ್ಸಿನಲ್ಲಿ ನನಗಿರಲಿಲ್ಲ. ದೊಡ್ಡವಳಾದ ಮೇಲೆ ನೀನೇ ಕಂಡುಹಿಡಿದು ಬಂದು ನನಗೆ ಹೇಳು ಎಂದು ಜಾರಿಕೊಂಡೆ. ಉಳಿದ ಮಕ್ಕಳು ನಕ್ಕರು. ಅವಳು ಮಾತ್ರ ನಗಲಿಲ್ಲ. ಮೇಷ್ಟರು ಮನೆಗೆಲಸ ಕೊಟ್ಟಿದ್ದಾರೆ ಎಂದೇ ತಿಳಿದಳು.

ತಂದೆತಾಯಿ ಇಬ್ಬರೂ ಬೇಗ ತೀರಿಕೊಂಡಿದ್ದರಿಂದ ಅವಳನ್ನು ಸಾಕಿದವಳು ಹತ್ತು ವರ್ಷಕ್ಕೆ ಹಿರಿಯಳಾದ ಅಕ್ಕ. ನಮ್ಮ ಶಾಲೆಯ ಹಿಂದಿನ ಬೀದಿಯಲ್ಲಿ ಆಕೆಯ ಹೊಲಿಗೆ ಅಂಗಡಿಯಿತ್ತು. ಶಾಲೆಯ ಅರ್ಧ ಮಕ್ಕಳ ಯೂನಿಫಾರ್ಮ್ ಆಕೆಯ ಯಂತ್ರದಿಂದಲೇ ಬಂದದ್ದು. ಪೋಷಕರ ಸಭೆಗೆ ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡೇ ಬರುತ್ತಿದ್ದಳು. ಒಮ್ಮೆ, ಇವಳು ಪ್ರಶ್ನೆ ಕೇಳುವುದು ಜಾಸ್ತಿ ಎಂದು ನಾನು ಸುಮ್ಮನೆ ದೂರಿದಾಗ, “ನನಗೆ ಕೇಳೋಕೆ ಪುರುಸೊತ್ತಿಲ್ಲ ಮೇಷ್ಟ್ರೇ, ನನ್ನ ಪಾಲಿನದನ್ನೂ ಅವಳೇ ಕೇಳ್ತಾಳೆ, ಬಿಡಿ” ಎಂದಿದ್ದಳು.

ಆಕೆಯ ಅಂಗಡಿಯ ಒಂದು ರೂಢಿಯನ್ನು ಇಲ್ಲಿ ಹೇಳಲೇಬೇಕು. ಯಾರದೇ ಅಳತೆ ಹಿಂದಿನ ಸಲಕ್ಕಿಂತ ಬಹಳ ವ್ಯತ್ಯಾಸವಾಗಿ ಬಂದರೆ ಆಕೆ ಟೇಪು ಬಿಚ್ಚಿ ಇನ್ನೊಮ್ಮೆ ಅಳೆಯುತ್ತಿದ್ದಳು. ಎರಡನೆಯ ಸಲವೂ ಹಾಗೆಯೇ ಬಂದರೆ ಬಟ್ಟೆ ಕತ್ತರಿಸುವ ಮೊದಲು ಕಾರಣ ಕೇಳುತ್ತಿದ್ದಳು. ನಮ್ಮ ಬೀದಿಯ ಪೋಸ್ಟ್‌ಮ್ಯಾನ್ ಒಮ್ಮೆ ಪ್ಯಾಂಟಿಗೆ ಅಳತೆ ಕೊಡಲು ಹೋದಾಗ ಅವನ ಸೊಂಟ ಮೂರು ತಿಂಗಳಲ್ಲಿ ನಾಲ್ಕು ಇಂಚು ಇಳಿದಿತ್ತು. ಸೈಕಲ್ ತುಳಿದು ಇಳಿದದ್ದು ಎಂದು ಅವನು ಹೆಮ್ಮೆಪಟ್ಟುಕೊಂಡ. ಆಕೆ ಬಟ್ಟೆ ಮುಟ್ಟಲಿಲ್ಲ; ಮೊದಲು ಡಾಕ್ಟರಿಗೆ ತೋರಿಸಿ ಬಾ, ಆಮೇಲೆ ಪ್ಯಾಂಟು ಎಂದಳು. ಹೋಗಿ ನೋಡಿದರೆ ಸಕ್ಕರೆ ಕಾಯಿಲೆ. ಆಮೇಲೆ ಬಹುಕಾಲ ಅವನು ಆಕೆಯ ಕಾಗದಗಳನ್ನು ಅಂಗಡಿಯೊಳಗೆ ಬಂದು ಕೈಗೇ ಕೊಟ್ಟು ಹೋಗುತ್ತಿದ್ದ.

ಯಾಕಮ್ಮ ಓದಿದಳು. ಊರಿನ ಆಚೆ ತುದಿಯಲ್ಲಿದ್ದ ಸಂಶೋಧನಾಲಯವೊಂದರಲ್ಲಿ ವೈರಸ್ಸುಗಳನ್ನು ಅಧ್ಯಯನ ಮಾಡುವ ಕೆಲಸಕ್ಕೆ ಸೇರಿದಳು. ಅವಳು ಆರಿಸಿಕೊಂಡದ್ದು ನೆಗಡಿ, ಕೆಮ್ಮು ತರುವ ಒಂದು ಸಾಧಾರಣ ವೈರಸ್ಸನ್ನು. ದೊಡ್ಡ ಹೆಸರಿನ ರೋಗ ಬಿಟ್ಟು ಇದೇಕೆ ಎಂದು ಜೊತೆಯವರು ಕೇಳಿದರೆ, ಮೇಷ್ಟರಿಗೆ ಒಂದು ಉತ್ತರ ಬಾಕಿಯಿದೆ ಎನ್ನುತ್ತಿದ್ದಳಂತೆ. ಕೇಳಿ ನನಗೆ ಸಂಕೋಚವಾಗಿತ್ತು.

ಕೆಲಸಕ್ಕೆ ಸೇರಿದ ಮೊದಲ ವರ್ಷದಲ್ಲಿ ನನ್ನನ್ನು ಕರೆದುಕೊಂಡು ಹೋಗಿ ತನ್ನ ಕೋಣೆ ತೋರಿಸಿದಳು. ಬಿಳಿಯ ಮೇಜು, ಗೋಡೆಗೆ ತಾಗಿದಂತೆ ಆಳೆತ್ತರದ ಶೀತಲ ಪೆಟ್ಟಿಗೆಗಳು, ಅವುಗಳ ಒಂದೇ ಸಮನೆ ಗುಂಯ್‌ಗುಡುವ ಸದ್ದು. ಅಂಗೈಯಷ್ಟು ಅಗಲದ ಪ್ಲಾಸ್ಟಿಕ್ ತಟ್ಟೆಯೊಂದನ್ನು ಬೆಳಕಿಗೆ ಹಿಡಿದಳು. ಅದರ ಸಣ್ಣ ಸಣ್ಣ ಗುಳಿಗಳ ತಳದಲ್ಲಿ ಜೀವಕೋಶಗಳನ್ನು ತೆಳುವಾದ ಪದರವಾಗಿ ಬೆಳೆಸಿ ನೇರಳೆ ಬಣ್ಣ ಹಾಕಿದ್ದರು. ವೈರಸ್ಸು ಕೋಶಗಳನ್ನು ಕೊಂದ ಕಡೆಯಲ್ಲೆಲ್ಲ ಆ ನೇರಳೆಯಲ್ಲಿ ಬಿಳಿಯ ತೂತು ಕಾಣುತ್ತಿತ್ತು. ಒಂದು ಗುಳಿಯಲ್ಲಿ ತೂತುಗಳೇ ತೂತುಗಳು. ಪಕ್ಕದ್ದರಲ್ಲಿ ಎರಡೋ ಮೂರೋ. ಆ ಎರಡನೆಯದಕ್ಕೆ ಒಬ್ಬರ ರಕ್ತದ ತಿಳಿಭಾಗವಾದ ಸೀರಂ ಸೇರಿಸಿದ್ದರು. ಆ ವೈರಸ್ಸನ್ನು ಹಿಂದೆ ಎದುರಿಸಿದ ಮೈ ತಯಾರಿಸಿಟ್ಟ ಪ್ರತಿಕಾಯಗಳು ಅದರಲ್ಲಿದ್ದು, ವೈರಸ್ಸನ್ನು ಹಿಡಿದು ಕಟ್ಟಿಹಾಕಿದ್ದವು. ವೈರಸ್ಸು ವರ್ಷ ವರ್ಷ ತನ್ನ ಮೇಲುಹೊದಿಕೆಯನ್ನು ಬದಲಿಸಿಕೊಂಡು ಈ ಕಾವಲಿನ ಕಣ್ಣಿಗೆ ಹೇಗೆ ಮಣ್ಣೆರಚುತ್ತದೆ ಎಂಬುದೇ ಅವಳ ಪ್ರಶ್ನೆ. ಅದಕ್ಕಾಗಿ ದಿನವೆಲ್ಲ ಕೂತು ತೂತು ಎಣಿಸುತ್ತಿದ್ದಳು.

ಇದನ್ನು ಕೇಳಿದ ಅಕ್ಕ ಹೇಳಿದ್ದು ಬೀದಿಯಲ್ಲೆಲ್ಲ ಪ್ರಸಿದ್ಧವಾಯಿತು. “ನಾನು ತೂತು ಮುಚ್ತೀನಿ, ಇವಳು ತೂತು ಎಣಿಸ್ತಾಳೆ. ಹೆಸರು ಇವಳಿಗೆ.”

ರೋಗಿಗಳ ರಕ್ತದ ಪಕ್ಕದಲ್ಲಿಟ್ಟು ನೋಡಲು ಆರೋಗ್ಯವಂತರ ರಕ್ತವೂ ಬೇಕು. ಅದಕ್ಕೆ ಹೋಲಿಕೆಯ ರಕ್ತ ಎನ್ನುತ್ತಿದ್ದರು. ಎಲ್ಲ ಪ್ರಯೋಗಶಾಲೆಗಳಂತೆ ಅಲ್ಲಿಯೂ ಕೈಗೆ ಸಿಕ್ಕವರನ್ನೇ ಕೇಳುತ್ತಿದ್ದರು: ಜೊತೆಯ ಕೆಲಸಗಾರರು, ವಿದ್ಯಾರ್ಥಿಗಳು, ಗೇಟಿನ ಕಾವಲುಗಾರ, ತಟ್ಟೆ ತೊಳೆಯುವ ಹೆಂಗಸು, ಅವರವರ ಮನೆಯವರು. ಅಕ್ಕ ಪ್ರತಿವರ್ಷ ತಪ್ಪದೆ ಹೋಗುತ್ತಿದ್ದಳು. ಅಂಗಡಿಗೆ ಅರ್ಧ ದಿನ ರಜ ಹಾಕಿ, ಒಗೆದ ಸೀರೆ ಉಟ್ಟು, ತೋಳು ಚಾಚಿ ಕೂರುತ್ತಿದ್ದಳು. ಅಲ್ಲಿಯವರ ಬಿಳಿ ಕೋಟುಗಳ ಸಡಿಲ ಗುಂಡಿಗಳು ಕಂಡರೆ ರಕ್ತ ಕೊಟ್ಟ ಮೇಲೆ ಅಲ್ಲೇ ಕೂತು ಬಿಗಿಗೊಳಿಸಿ ಬರುತ್ತಿದ್ದಳು.

ರಕ್ತ ತೆಗೆದು ಸೀಸೆಗೆ ನಂಬರು ಬರೆಯುತ್ತಿದ್ದವನು ಅಲ್ಲಿಯ ಹಳೆಯ ತಂತ್ರಜ್ಞ. ಯಾವ ನಂಬರು ಯಾರದು ಎಂಬ ಪುಸ್ತಕ ಅವನ ಮೇಜಿನ ಡ್ರಾಯರಿನಲ್ಲಿ, ಅದರ ಕೀಲಿ ಅವನ ಸೊಂಟದಲ್ಲಿ. ಅದಕ್ಕೇ ಅವನಿಗೆ ‘ಬೀಗದಣ್ಣ’ ಎಂಬ ಹೆಸರು. ಎಣಿಸುವವರಿಗೆ ರಕ್ತ ಯಾರದೆಂದು ತಿಳಿಯಬಾರದು. ತಿಳಿದರೆ ಕಣ್ಣು ತನಗೆ ಬೇಕಾದಂತೆ ಎಣಿಸುತ್ತದೆ. ಇದು ಒಳ್ಳೆಯ ನಿಯಮ. ಪ್ರಯೋಗ ಮುಗಿದ ಮೇಲೆ ರೋಗಿಗಳ ನಂಬರನ್ನು ಮಾತ್ರ ಬಿಡಿಸಿ ನೋಡುತ್ತಿದ್ದರು. ಹೋಲಿಕೆಯವರ ನಂಬರನ್ನು ಬಿಡಿಸುವ ಅಗತ್ಯ ಯಾರಿಗೂ ಕಂಡಿರಲಿಲ್ಲ. ಅವರು ಆರೋಗ್ಯವಂತರು ಎಂದು ಮೊದಲೇ ತೀರ್ಮಾನವಾಗಿತ್ತಲ್ಲ. ಫಲಿತಾಂಶ ತಿಳಿಸುವುದಿಲ್ಲ ಎಂದು ಅವರಿಂದ ಸಹಿಯನ್ನೂ ಪಡೆಯುತ್ತಿದ್ದರು. ಈ ಪದ್ಧತಿಯನ್ನು ಕೇಳಿ ಅಕ್ಕ ನಕ್ಕಿದ್ದಳಂತೆ. ನನ್ನ ಅಂಗಡಿಯಲ್ಲಿ ಚಿಂದಿಯ ಗಂಟಿಗೂ ಹೆಸರಿದೆ, ನಿಮ್ಮಲ್ಲಿ ಮನುಷ್ಯರಿಗೂ ನಂಬರು ಎಂದಿದ್ದಳಂತೆ.

ಯಾಕಮ್ಮ ಕೆಲಸಕ್ಕೆ ಸೇರಿದ ಒಂಬತ್ತನೆಯ ವರ್ಷ ಹೋಲಿಕೆಯ ರಕ್ತಗಳಲ್ಲಿ ಒಂದು ವಿಚಿತ್ರವಾಗಿ ನಡೆದುಕೊಂಡಿತು. ಮೂವತ್ತನಾಲ್ಕನೆಯ ನಂಬರಿನದು. ಅದು ವೈರಸ್ಸನ್ನು ತಡೆಯಲೇ ಇಲ್ಲ. ಗುಳಿಯ ತುಂಬ ತೂತು. ಯಾಕಮ್ಮ ಇನ್ನೊಮ್ಮೆ ಮಾಡಿದಳು, ಹಾಗೆಯೇ ಬಂತು. ಈ ನೆಗಡಿ ಬಾರದವರೇ ಇಲ್ಲ, ಆರೋಗ್ಯವಂತರ ರಕ್ತ ಹೀಗಿರಲು ಸಾಧ್ಯವಿಲ್ಲ, ಆದ್ದರಿಂದ ಸೀಸೆ ಎಲ್ಲೋ ಹೊರಗೆ ಉಳಿದು ಕೆಟ್ಟಿದೆ ಎಂದು ಎಣಿಸಿದಳು. ನೋಟುಪುಸ್ತಕದಲ್ಲಿ ಕೆಂಪು ಪೆನ್ಸಿಲಿನಿಂದ ‘ಮಾದರಿ ಕೆಟ್ಟಿದೆ, ಕೈಬಿಟ್ಟಿದೆ’ ಎಂದು ಬರೆದು ಮುಂದಿನ ನಂಬರಿಗೆ ಹೋದಳು. ಅಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ಮರುವರ್ಷವೂ ಒಂದು ರಕ್ತ ಹಾಗೆಯೇ ಬಂತು. ಪ್ರತಿವರ್ಷ ನಂಬರು ಹೊಸದಾದ್ದರಿಂದ ಎರಡೂ ಒಬ್ಬರದೇ ಎಂದು ಊಹಿಸಲು ದಾರಿಯಿರಲಿಲ್ಲ. ಅದಕ್ಕೂ ಕೆಂಪು ಪೆನ್ಸಿಲ್.

ಹನ್ನೊಂದನೆಯ ವರ್ಷದ ಮೊದಲಲ್ಲಿ ಅಕ್ಕನ ಕೆಮ್ಮು ಬಿಡದಾಯಿತು. ಒಂದು ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು. ಬಟ್ಟೆಯ ಧೂಳು ಎಂದು ಆಕೆ ತಳ್ಳಿಹಾಕಿದಳು. ಜ್ವರ ಬಂದು ಆಸ್ಪತ್ರೆಗೆ ಸೇರಿಸಿದಾಗ ರಕ್ತದ ಕ್ಯಾನ್ಸರ್ ಎಂದು ತಿಳಿಯಿತು. ವೈದ್ಯೆ ಯಾಕಮ್ಮನನ್ನು ಹೊರಗೆ ಕರೆದು ವಿವರಿಸಿದರು: ಈ ಕಾಯಿಲೆಯಲ್ಲಿ ಒಳ್ಳೆಯ ಪ್ರತಿಕಾಯಗಳು ನಿಧಾನವಾಗಿ ಕುಸಿಯುತ್ತವೆ, ಇವರಿಗೆ ಎರಡು ವರ್ಷದಿಂದಲೇ ಕುಸಿಯುತ್ತಿದ್ದಿರಬೇಕು. ಆಮೇಲೆ, ಕಾಗದ ಮಡಚುತ್ತ, ಯಾವ ಕೆಟ್ಟ ಉದ್ದೇಶವೂ ಇಲ್ಲದೆ ಒಂದು ಮಾತು ಕೇಳಿದರು.

“ಈ ಎರಡು ವರ್ಷದಲ್ಲಿ ಇವರ ರಕ್ತ ಯಾರೂ ಪರೀಕ್ಷೆ ಮಾಡಿರಲಿಲ್ವಾ?”

ಮರುದಿನ ಬೆಳಿಗ್ಗೆ ಯಾಕಮ್ಮ ಬೀಗದಣ್ಣನ ಮೇಜಿನ ಮುಂದೆ ನಿಂತಳು. ಪುಸ್ತಕ ಬೇಕು ಎಂದಳು. ನಿರ್ದೇಶಕರ ಅನುಮತಿ ಇಲ್ಲದೆ ಆಗುವುದಿಲ್ಲ, ನಿನಗೇ ಗೊತ್ತಿರುವ ವಿಷಯ ಎಂದು ಅವನು ಹೇಳಿದ.

“ನಮ್ಮಕ್ಕನದು ನೋಡ್ಬೇಕು, ಅಣ್ಣ.”

ಅವನು ಅವಳ ಮುಖ ನೋಡಿದ. ಕೀಲಿ ತೆಗೆದು ಮೇಜಿನ ಮೇಲಿಟ್ಟು, ತಾನು ಟೀ ಕುಡಿಯಲು ಹೋಗುತ್ತೇನೆ, ಬರುವುದು ಹತ್ತು ನಿಮಿಷವಾಗುತ್ತದೆ ಎಂದು ಎದ್ದುಹೋದ. ಇಪ್ಪತ್ತೆಂಟು ವರ್ಷದಲ್ಲಿ ಅವನು ಮುರಿದದ್ದು ಅದೊಂದೇ ನಿಯಮ. ಯಾಕಮ್ಮನಿಗೆ ಹತ್ತು ನಿಮಿಷ ಬೇಕಾಗಲಿಲ್ಲ. ಒಂಬತ್ತನೆಯ ವರ್ಷ, ಮೂವತ್ತನಾಲ್ಕನೆಯ ನಂಬರು: ಅಕ್ಕ. ಅದರ ಮುಂದಿನ ವರ್ಷದ್ದೂ ಅಕ್ಕನೇ. ಉಳಿದ ವರ್ಷಗಳ ಅಕ್ಕನ ನಂಬರುಗಳನ್ನೂ ಗುರುತು ಹಾಕಿಕೊಂಡಳು. ತನ್ನ ನೋಟುಪುಸ್ತಕ ತೆಗೆದು ನೋಡುವ ಅಗತ್ಯವಿರಲಿಲ್ಲ. ಆ ಕೆಂಪು ಅಕ್ಷರ ಅವಳಿಗೆ ಪುಟ ಸಹಿತ ನೆನಪಿತ್ತು.

ಇದನ್ನು ಅಕ್ಕನಿಗೆ ಹೇಳುವುದು ಹೇಗೆ ಎಂಬುದೊಂದೇ ಅಂದಿನಿಂದ ಅವಳ ಚಿಂತೆಯಾಯಿತು. ಬೀಗದಣ್ಣ ಹೇಳಬೇಡ ಎಂದ. ಎರಡು ದಿನದ ಮೇಲೆ ನಮ್ಮ ಮನೆಗೆ ಬಂದು, ಬಾಗಿಲ ಬಳಿಯ ಕುರ್ಚಿಯಲ್ಲಿ ಚಪ್ಪಲಿಯನ್ನೂ ಬಿಡದೆ ಕೂತು, ನನ್ನನ್ನೂ ಕೇಳಿದಳು. ನಾನೂ ಹೇಳಬೇಡವೆಂದೆ. ಕಾಯಿಲೆಯ ಮೇಲೆ ಈ ಭಾರವನ್ನೂ ಆಕೆಯ ಮೇಲೆ ಹೇರಬೇಡ, ವೈದ್ಯರೇ ಮೊದಲೇ ಗೊತ್ತಾಗಿದ್ದರೂ ಏನಾಗುತ್ತಿತ್ತೋ ಹೇಳಲಾರೆವು ಎಂದಿದ್ದಾರಲ್ಲ ಎಂದೆ. ನನ್ನದು ತಪ್ಪು ಸಲಹೆ. ಅವಳು ತಲೆಯಾಡಿಸಿ, ಹೇಳುವುದು ಹೌದು, ಆದರೆ ಖಚಿತ ಮಾಡಿಕೊಂಡು ಹೇಳುತ್ತೇನೆ ಎಂದಳು.

ಅವಳ ಕಸುಬು ಅವಳಿಗೆ ಕಲಿಸಿದ್ದೇ ಅದನ್ನು. ಶೀತಲ ಪೆಟ್ಟಿಗೆಯಲ್ಲಿ ಅಕ್ಕನ ಪ್ರತಿವರ್ಷದ ರಕ್ತವೂ ಸೀಸೆಗಳಲ್ಲಿ ಉಳಿದಿತ್ತು. ಒಂದೊಂದನ್ನೇ ಕರಗಿಸಿ, ಕುಸಿತ ಯಾವಾಗ ಶುರುವಾಯಿತೆಂದು ಕಂಡುಹಿಡಿಯಲು ಹೊರಟಳು. ಕೋಶಗಳು ಬೆಳೆಯಬೇಕು, ವೈರಸ್ಸು ಹರಡಬೇಕು, ಬಣ್ಣ ಹಾಕಬೇಕು, ಎಣಿಸಬೇಕು. ಒಮ್ಮೆ ಕೋಶಗಳೇ ಸತ್ತುಹೋಗಿ ಮತ್ತೆ ಮೊದಲಿನಿಂದ ಆಯಿತು. ಮೂರು ವಾರ ಹಿಡಿಯಿತು. ಆ ಮೂರು ವಾರದಲ್ಲಿ ಆಸ್ಪತ್ರೆಗೆ ದಿನಕ್ಕೊಮ್ಮೆ ಬಂದು ಅರ್ಧ ಗಂಟೆ ಇದ್ದು, ಗಡಿಯಾರ ನೋಡಿಕೊಂಡು ಎದ್ದುಹೋಗುತ್ತಿದ್ದಳು. ಹೊಲಿಗೆ ಅಂಗಡಿಯ ಸಹಾಯಕಿ ಮತ್ತು ನನ್ನ ಹೆಂಡತಿ ಸರದಿಯ ಮೇಲೆ ಹಾಸಿಗೆಯ ಪಕ್ಕ ಕೂತರು. ತಂಗಿ ಎಲ್ಲಿ ಎಂದು ಯಾರಾದರೂ ಕೇಳಿದರೆ ಅಕ್ಕ, ತೂತು ಎಣಿಸೋಕೆ ಹೋಗಿದ್ದಾಳೆ ಎಂದು ನಗುತ್ತಿದ್ದಳು. ದಿನ ಕಳೆದಂತೆ ಆ ನಗು ಕಡಿಮೆಯಾಯಿತು.

ಕೊನೆಗೆ ಒಂದು ಮಧ್ಯಾಹ್ನ ಯಾಕಮ್ಮ ಫಲಿತಾಂಶ ಹಿಡಿದುಕೊಂಡು ಆಸ್ಪತ್ರೆಗೆ ಹೋದಳು. ನಾನು ಆ ಹೊತ್ತಿಗೆ ಕಿಟಕಿಯ ಬಳಿ ಕೂತಿದ್ದೆ. ಎದ್ದು ಹೋಗಲು ನೋಡಿದರೆ ಅಕ್ಕ ಕೈಸನ್ನೆಯಿಂದ ಕೂರಿಸಿದಳು. ಮೂಗಿಗೆ ಆಮ್ಲಜನಕದ ನಳಿಗೆ ಹಾಕಿದ್ದರು. ಆಸ್ಪತ್ರೆಯ ಅಂಗಿಯ ಗುಂಡಿ ಕಿತ್ತುಹೋಗಿತ್ತೆಂದು ಯಾರಿಂದಲೋ ಸೂಜಿದಾರ ತರಿಸಿಕೊಂಡು ಮಡಿಲಲ್ಲಿ ಇಟ್ಟುಕೊಂಡಿದ್ದಳು.

ಯಾಕಮ್ಮ ಎಲ್ಲವನ್ನೂ ಹೇಳಿದಳು. ನಂಬರು, ತೂತು, ಕೆಂಪು ಪೆನ್ಸಿಲ್, ಬೀಗದಣ್ಣನ ಪುಸ್ತಕ. ಕುಸಿತ ಎಂಟನೆಯ ವರ್ಷದಲ್ಲೇ ಸ್ವಲ್ಪ ಶುರುವಾಗಿತ್ತು ಎಂದಳು. ನನಗೆ ಪಾಠ ಒಪ್ಪಿಸುತ್ತಿದ್ದ ಹಳೆಯ ಧ್ವನಿಯಲ್ಲೇ, ಒಂದೂ ಬಿಡದಂತೆ. ಅಕ್ಕ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಕೇಳಿದಳು.

“ನಿನಗೆ ಯಾವಾಗ ಗೊತ್ತಾಯ್ತು?”

“ಮೂರು ವಾರ ಆಯ್ತು, ಅಕ್ಕ.”

“ಮತ್ತೆ ಇಷ್ಟು ದಿನ ಏನು ಮಾಡ್ತಿದ್ದೆ?”

“ಖಚಿತ ಮಾಡ್ಕೋತಿದ್ದೆ. ಪರೀಕ್ಷೆ ಮಾಡ್ತಿದ್ದೆ.”

ಅಕ್ಕ ಸ್ವಲ್ಪ ಹೊತ್ತು ಉಸಿರು ಸುಧಾರಿಸಿಕೊಂಡಳು. “ನಾನು ಇಲ್ಲಿದ್ದೆ. ನೀನು ಹೋಗಿ ನನ್ನ ರಕ್ತದ ಹತ್ತಿರ ಕೂತಿದ್ದೆ.”

ಬೈದು ಹೇಳಿದ ಮಾತಲ್ಲ ಅದು. ಅಂಗಡಿಯಲ್ಲಿ ಒಂದು ಹೊಲಿಗೆ ಸೊಟ್ಟಗಿದೆ ಎಂದು ತೋರಿಸುವ ದನಿ. ಯಾಕಮ್ಮ ಮಂಚದ ಕಂಬಿ ಹಿಡಿದು ನಿಂತೇ ಇದ್ದಳು. ಆಮೇಲೆ ಅಕ್ಕನೇ, ನನ್ನ ಸೊಂಟ ಎಷ್ಟು ಇಳಿದಿದೆ ಅಂತ ನಾನೂ ಅಳೆದುಕೊಂಡಿರಲಿಲ್ಲ, ಊರವರದ್ದೆಲ್ಲ ಅಳೆದೆ ಎಂದಳು. ಅದು ಸಮಾಧಾನಕ್ಕೆ ಹೇಳಿದ್ದೋ, ನಿಜವಾಗಿ ನೆನಪಾದದ್ದೋ ನನಗೆ ಇವತ್ತಿಗೂ ತಿಳಿಯದು. ನಂತರ ಕೇಳಿದ ಮಾತನ್ನು ಮಾತ್ರ ನಾವಿಬ್ಬರೂ ನಿರೀಕ್ಷಿಸಿರಲಿಲ್ಲ.

“ಹೀಗೆ ಕೆಂಪು ಪೆನ್ಸಿಲಲ್ಲಿ ಇನ್ನೆಷ್ಟು ಜನರನ್ನ ಹೊಡೆದುಹಾಕಿದ್ದೀಯೇ?”

ಮೂರು ವಾರದಲ್ಲಿ ಆ ಪ್ರಶ್ನೆ ಯಾಕಮ್ಮನಿಗೆ ಹೊಳೆದಿರಲಿಲ್ಲ. ಯಾಕೆ ಯಾಕೆ ಎಂದು ಬದುಕಿಡೀ ಕೇಳಿದವಳಿಗೆ ಹೊಳೆಯದ್ದು, ಕೇಳಲು ಪುರುಸೊತ್ತಿಲ್ಲ ಎಂದಿದ್ದ ಅಕ್ಕನಿಗೆ ಒಂದೇ ಗಳಿಗೆಯಲ್ಲಿ ಹೊಳೆದಿತ್ತು.

“ಗೊತ್ತಿಲ್ಲ” ಎಂದಳು.

“ನೋಡು ಹೋಗು.” ಹಾಗೆಂದವಳೇ ಅಕ್ಕ ತಂಗಿಯ ಸೆರಗಿನ ತುದಿಯನ್ನು ಹಿಡಿದುಕೊಂಡಳು. “ಇವತ್ತಲ್ಲ. ಇವತ್ತು ಇಲ್ಲೇ ಕೂತ್ಕೋ.”

ಅಂದಿನಿಂದ ಯಾಕಮ್ಮ ಆಸ್ಪತ್ರೆ ಬಿಟ್ಟು ಕದಲಲಿಲ್ಲ. ಒಂಬತ್ತು ದಿನ ಸಿಕ್ಕಿತು. ಅವುಗಳಲ್ಲಿ ಕೊನೆಯ ನಾಲ್ಕು ದಿನ ಅಕ್ಕನಿಗೆ ಮಾತಿರಲಿಲ್ಲ. ಆಕೆಯ ಪ್ರಾಣ ತೆಗೆದದ್ದು ಕ್ಯಾನ್ಸರಲ್ಲ, ಶ್ವಾಸಕೋಶಕ್ಕಿಳಿದ ಒಂದು ನೆಗಡಿ. ಪರೀಕ್ಷಿಸಿದಾಗ ಯಾಕಮ್ಮ ಹನ್ನೊಂದು ವರ್ಷ ಬೆಳೆಸಿ, ಎಣಿಸಿ, ಬರೆದಿಟ್ಟ ಅದೇ ವೈರಸ್ಸು ಸಿಕ್ಕಿತು. ಆ ಕಾಗದವನ್ನು ಅವಳು ಓದಿ ನನ್ನ ಕೈಗೆ ಕೊಟ್ಟಳು. ನಾನು ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡೆ.

ಅಕ್ಕನ ಮಾತಿನಂತೆ ಅವಳು ನೋಡಲು ಹೋದಳು. ಹನ್ನೊಂದು ವರ್ಷದ ನೋಟುಪುಸ್ತಕಗಳಲ್ಲಿ ಹದಿನೇಳು ಕಡೆ ಕೆಂಪು ಪೆನ್ಸಿಲ್ ಇತ್ತು. ನಂಬರು ಬಿಡಿಸಲು ನಿರ್ದೇಶಕರು ಒಪ್ಪಲಿಲ್ಲ. ತಿಳಿಸುವುದಿಲ್ಲ ಎಂದು ಸಹಿ ಪಡೆದು ಈಗ ತಿಳಿಸಿದರೆ ಸಂಸ್ಥೆಯ ಮಾತಿಗೆ ಏನು ಬೆಲೆ ಎಂದರು. ಅದರಲ್ಲೂ ಅರ್ಥವಿಲ್ಲದೆ ಇರಲಿಲ್ಲ. ಹದಿನಾಲ್ಕು ತಿಂಗಳು ಕಾಗದ ಬರೆದಳು, ಸಭೆಗಳಲ್ಲಿ ಕೂತಳು. ಅಷ್ಟರಲ್ಲಿ ಅವಳು ಬೆನ್ನುಹತ್ತಿದ್ದ ಪ್ರಶ್ನೆಗೆ, ಆ ವೈರಸ್ಸು ತನ್ನ ಹೊದಿಕೆಯ ಯಾವ ಮಡಿಕೆಯನ್ನು ಬದಲಿಸಿ ತಪ್ಪಿಸಿಕೊಳ್ಳುತ್ತದೆ ಎಂಬುದಕ್ಕೆ, ಬೇರೆ ಕಡೆಯವರು ಉತ್ತರ ಕಂಡುಹಿಡಿದು ಪ್ರಕಟಿಸಿದರು. ಜೊತೆಯವರು ಅವಳ ಪರವಾಗಿ ಮರುಗಿದರು. ಅವಳು ಆ ಲೇಖನದ ಪ್ರತಿಯನ್ನು ನನಗೆ ತಂದುಕೊಟ್ಟು, ನೀವು ಕೊಟ್ಟ ಮನೆಗೆಲಸ, ಬೇರೆಯವರು ಮಾಡಿದ್ದಾರೆ ಎಂದಳಷ್ಟೆ.

ಅನುಮತಿ ಬಂದ ಮೇಲೆ ಬೀಗದಣ್ಣ ತಾನೇ ಪುಸ್ತಕ ತೆರೆದು ಹೆಸರು ಓದಿದ. ಹದಿನೇಳರಲ್ಲಿ ಹನ್ನೊಂದು ನಿಜವಾಗಿ ಕೆಟ್ಟ ಸೀಸೆಗಳೇ. ಶೀತಲ ಪೆಟ್ಟಿಗೆಯೊಂದು ಒಂದು ಭಾನುವಾರ ನಿಂತುಹೋಗಿತ್ತು. ಎರಡು ಅಕ್ಕನವು. ಉಳಿದ ನಾಲ್ಕು ನಾಲ್ಕು ಜನರವು. ಗೇಟಿನ ಕಾವಲುಗಾರ ಮೂರು ವರ್ಷದ ಹಿಂದೆಯೇ ತೀರಿಕೊಂಡಿದ್ದ. ಯಾಕಮ್ಮ ಅವನ ಮನೆ ಹುಡುಕಿಕೊಂಡು ಹೋದಳು. ಅವನ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡು, ಇದನ್ನ ಹೇಳೋಕೆ ಇಷ್ಟು ದೂರ ಬಂದ್ರಾ ಎಂದು ಕೇಳಿ ಬಾಗಿಲು ಹಾಕಿಕೊಂಡಳಂತೆ. ಹಳೆಯ ವಿದ್ಯಾರ್ಥಿಯೊಬ್ಬನ ವಿಳಾಸ ಸಿಗಲೇ ಇಲ್ಲ. ಒಬ್ಬರು ಆರೋಗ್ಯವಾಗಿಯೇ ಇದ್ದರು. ನಾಲ್ಕನೆಯವಳು ತಟ್ಟೆ ತೊಳೆಯುವ ಹೆಂಗಸು. ಆಕೆಯ ಪ್ರತಿಕಾಯಗಳು ಕುಸಿದಿದ್ದವು, ಕಾಯಿಲೆ ಇನ್ನೂ ಮೊಳಕೆಯಲ್ಲಿತ್ತು. ಔಷಧಿ ಶುರುಮಾಡಿದರು. ಆಕೆ ಈಗಲೂ ಅಲ್ಲಿಯೇ ಕೆಲಸದಲ್ಲಿದ್ದಾಳೆ, ನಿವೃತ್ತಿಗೆ ಇನ್ನೆರಡು ವರ್ಷವಿದೆ.

ಅಲ್ಲಿಂದ ಮುಂದೆ ಆ ಸಂಶೋಧನಾಲಯದ ನಿಯಮ ಬದಲಾಯಿತು. ಹೋಲಿಕೆಯ ರಕ್ತ ವಿಚಿತ್ರವಾಗಿ ಬಂದರೆ ಹೊಸದಾಗಿ ರಕ್ತ ತೆಗೆದು ಇನ್ನೊಮ್ಮೆ ನೋಡಬೇಕು. ಆಗಲೂ ಹಾಗೆಯೇ ಬಂದರೆ ಒಬ್ಬ ವೈದ್ಯರು ಆ ವ್ಯಕ್ತಿಯನ್ನು ಕರೆದು ಹೇಳಬೇಕು. ಅಕ್ಕನ ಅಂಗಡಿಯ ರೂಢಿಯೇ ಇದು. ಕಚೇರಿಯ ಕಾಗದದಲ್ಲಿ ಅದಕ್ಕೆ ಉದ್ದನೆಯ ಹೆಸರಿದೆ. ಯಾಕಮ್ಮ ತನ್ನ ಉಳಿದ ವರ್ಷಗಳನ್ನು ಹೆಚ್ಚಾಗಿ ಅದಕ್ಕೇ ಕೊಟ್ಟಳು, ಹೊಸ ಶೋಧವೆಂದು ಹೇಳಿಕೊಳ್ಳುವಂಥದ್ದು ಅವಳ ಹೆಸರಿನಲ್ಲಿ ಆಮೇಲೆ ಬರಲಿಲ್ಲ.

ಇನ್ನೊಂದು ವಿಷಯವನ್ನು ಅವಳು ಬಹುಕಾಲ ಯಾರಿಗೂ ಹೇಳಿರಲಿಲ್ಲ. ಆ ಮೂರು ವಾರದ ಪರೀಕ್ಷೆಯಲ್ಲಿ ಅಕ್ಕನ ಸೀಸೆಗಳೆಲ್ಲ ಮುಗಿದಿದ್ದರೂ ನಾಲ್ಕನೆಯ ವರ್ಷದವು ಮಾತ್ರ ಕೆಲವು ಉಳಿದಿದ್ದವು. ಆ ವರ್ಷ ಅಕ್ಕನ ಮೈ ಗಟ್ಟಿಮುಟ್ಟಾಗಿತ್ತು, ರಕ್ತ ಅಷ್ಟು ಚೆನ್ನಾಗಿ ತಡೆಯುತ್ತಿತ್ತು. ಹೊಸ ನಿಯಮದ ಪರೀಕ್ಷೆಗೆ ಅಳತೆಗೋಲಾಗಿ ಒಂದು ಒಳ್ಳೆಯ ರಕ್ತ ಬೇಕಾದಾಗ ಯಾಕಮ್ಮ ಅದನ್ನೇ ಇಟ್ಟಳು. ವರ್ಷಕ್ಕೊಮ್ಮೆ ಒಂದು ಸೀಸೆ ಕರಗಿಸಿ, ಹನಿ ಹನಿಯಾಗಿ ಬಳಸಿ, ಉಳಿದವರ ರಕ್ತವನ್ನೆಲ್ಲ ಅದರ ಪಕ್ಕದಲ್ಲಿಟ್ಟು ನೋಡಿದಳು. ಈ ಸೀಸೆಗಳ ಮೇಲೆ ಈಗ ನಂಬರಿರಲಿಲ್ಲ. ಬೀಗದಣ್ಣ ನಿವೃತ್ತನಾಗುವ ಮೊದಲು ತನ್ನ ದುಂಡು ಅಕ್ಷರದಲ್ಲಿ ‘ಅಕ್ಕ’ ಎಂದು ಬರೆದುಕೊಟ್ಟಿದ್ದ.

ಕಳೆದ ವಾರ ಯಾಕಮ್ಮ ನಮ್ಮ ಮನೆಗೆ ಬಂದಿದ್ದಳು. ತಲೆಗೂದಲು ಪೂರ್ತಿ ಬೆಳ್ಳಗಾಗಿದೆ. ಬಾಗಿಲ ಬಳಿಯ ಅದೇ ಕುರ್ಚಿಯಲ್ಲಿ ಕೂತಳು. ಕೊನೆಯ ಸೀಸೆ ಮುಗಿಯಿತು ಎಂದಳು. ಖಾಲಿ ಸೀಸೆಯನ್ನು ಏನು ಮಾಡಿದೆ ಎಂದು ಕೇಳಿದೆ. ಉಳಿದವುಗಳ ಜೊತೆಯಲ್ಲೇ ಸೋಂಕು ಕೊಲ್ಲುವ ಹಬೆಯ ಯಂತ್ರಕ್ಕೆ ಹಾಕಿದೆ, ನಿಯಮ ಹಾಗಿದೆ ಎಂದಳು. ನನ್ನ ಹೆಂಡತಿ ತಂದಿಟ್ಟ ಟೀ ಆರುತ್ತಿತ್ತು.

“ಕೊನೇ ಸಲ ನಾನೇ ಕೂತು ಎಣಿಸಿದೆ, ಮೇಷ್ಟ್ರೇ. ಪೂರ್ತಿ ನೇರಳೆ. ಮೂರೇ ಮೂರು ತೂತು.”

ಹೇಳಿ ಸ್ವಲ್ಪ ನಕ್ಕಳು. ಆಮೇಲೆ ಬಗ್ಗಿ, ಕಾಲಲ್ಲೇ ಇದ್ದ ಚಪ್ಪಲಿಯನ್ನು ಈಗ ನೆನಪಾದಂತೆ ಬಿಚ್ಚಿ ಬಾಗಿಲ ಹೊರಗಿಟ್ಟು ಬಂದಳು. ಮುಖ ಒರೆಸಿಕೊಂಡಿದ್ದು ನನಗೆ ಕಾಣಬಾರದೆಂದು ಹಾಗೆ ಮಾಡಿದಳೆಂದು ಕಾಣುತ್ತದೆ. ನಾನು ಟೀ ಬಿಸಿ ಮಾಡಿಕೊಂಡು ಬರಲು ಒಳಗೆ ಹೋದೆ.